ಎರಡನೇ ಕೀಲಿಕೈ

ನನ್ನ ಸೂಜಿ ಡಬ್ಬಿಯಲ್ಲಿ ಇತ್ತೀಚಿನವರೆಗೂ ಒಂದು ಕೀಲಿಕೈ ಇತ್ತು. ಮನೆಯದಲ್ಲ, ಅಂಗಡಿಯದಲ್ಲ, ಟ್ರಂಕಿನದಂತೂ ಅಲ್ಲವೇ ಅಲ್ಲ. ದಪ್ಪ ಸೂಜಿ, ಮೇಣ ಹಚ್ಚಿದ ದಾರ, ಸೀಮೆಸುಣ್ಣದ ತುಂಡು, ಒಂದೆರಡು ಮುರಿದ ಗುಂಡಿ, ಇವುಗಳ ನಡುವೆ ಅದು ಆರಾಮಾಗಿ ಮಲಗಿರುತ್ತಿತ್ತು. ದಿನಕ್ಕೆ ಇಪ್ಪತ್ತು ಸಲ ಆ ಡಬ್ಬಿಗೆ ಕೈ ಹಾಕುವವನು ನಾನು. ಅದರಲ್ಲಿ ನಾಲ್ಕು ಸಲವಾದರೂ ಸೂಜಿಯ ಬದಲು ಅದೇ ಕೈಗೆ ಬರುತ್ತಿತ್ತು. ಸೂಜಿ ಚುಚ್ಚಿದರೆ ಬೆರಳು ಬಾಯಿಗಿಟ್ಟುಕೊಂಡು ಮುಂದಿನ ಕೆಲಸ ನೋಡಬಹುದು. ಕೀಲಿಕೈ ಚುಚ್ಚಿದರೆ ಎಲ್ಲಿ ಚುಚ್ಚಿತೆಂದು ತೋರಿಸುವುದಕ್ಕೂ ಬರುವುದಿಲ್ಲ.

ನಾನು ಬಾಗಲಕೋಟೆಯಲ್ಲಿ ಮೋಟರ್ ಸೈಕಲ್ ಸೀಟುಗಳಿಗೆ ಕವರ್ ಹೊಲಿಯುವವನು. ಓದಿದ್ದು ಏಳನೇ ಇಯತ್ತೆಯವರೆಗೆ, ಅದೂ ಪೂರ್ತಿ ಅಲ್ಲ. ಏಳನೆಯ ಗಣಿತದ ಪರೀಕ್ಷೆಯ ದಿನವೇ ಇಲಕಲ್ಲಿನ ನಮ್ಮ ಮನೆಯಲ್ಲಿ ಕೆಟ್ಟು ನಿಂತಿದ್ದ ಒಂದು ಮೋಟರ್ ಸೈಕಲ್ ಗಾಡಿ ಮೊದಲ ಸಲ ಚಾಲೂ ಆಯಿತು. ಆ ಸದ್ದು ಬಿಟ್ಟು ಪೇಪರು ಬರೆಯಲು ಹೋಗುವ ಮನಸ್ಸು ನಿಮಗಾದರೂ ಆಗುತ್ತಿತ್ತೋ ಹೇಳಿ. ನನಗೆ ಆಗಲಿಲ್ಲ. ಅಲ್ಲಿಗೆ ನನ್ನ ಓದು ಮುಗಿಯಿತು, ಆ ಗಾಡಿಯ ಹುಚ್ಚು ಶುರುವಾಯಿತು.

ಆ ಗಾಡಿಯ ಕಂಪನಿಯ ಹೆಸರು ಬೇಡ. ಗೊತ್ತಿದ್ದವರಿಗೆ ಎರಡು ಸೈಲೆನ್ಸರ್ ಅಂದರೆ ಸಾಕು, ಕಿವಿಯಲ್ಲಿ ಆಗಲೇ ಸದ್ದು ಬಂದಿರುತ್ತದೆ. ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಅದಕ್ಕೆ ಕಿಕ್ಕು ಬೇರೆ, ಗೇರು ಬೇರೆ ಇರಲಿಲ್ಲ. ಎಡಗಡೆ ಕಾಲಿನ ಹತ್ತಿರ ಒಂದೇ ಹಿಡಿಕೆ. ಒಳಗೆ ಒತ್ತಿ ಮೇಲಕ್ಕೆ ತಿರುವಿದರೆ ಅದೇ ಕಿಕ್ಕು, ಚಾಲೂ ಆದ ಮೇಲೆ ಕೆಳಗೆ ಬಿಟ್ಟರೆ ಅದೇ ಗೇರು. ಕಲಿತವರಿಗೆ ಇದು ಮಾಮೂಲಿ. ಕಲಿಯದವರು ಮೊಣಕಾಲು ಒಡೆದುಕೊಂಡು ಕುಂಟುತ್ತ ಮನೆಗೆ ಹೋಗುತ್ತಿದ್ದರು. ನಮ್ಮ ಓಣಿಯಲ್ಲಿ ಹಾಗೆ ಕುಂಟಿದವರಲ್ಲಿ ನಮ್ಮ ಮಾವ ಇದ್ದ, ಕಿರಾಣಿ ಅಂಗಡಿಯವನಿದ್ದ, ಎಲ್ಲರಿಗಿಂತ ಹೆಚ್ಚು ಸಲ ನಾನಿದ್ದೆ.

ಗಾಡಿ ಬಂದಿದ್ದು ಹೀಗೆ. ನಮ್ಮ ಪಡಸಾಲೆಯ ಬದಿಯ ಖೋಲಿಯಲ್ಲಿ ಒಬ್ಬ ಮಾಸ್ತರು ಬಾಡಿಗೆಗಿದ್ದರು. ಅವರಿಗೆ ದೂರದ ಊರಿಗೆ ವರ್ಗವಾಯಿತು. ಗಾಡಿ ಕೆಟ್ಟು ಎರಡು ವರ್ಷವಾಗಿತ್ತು, ಒಯ್ಯುವಂತಿರಲಿಲ್ಲ. ಅದನ್ನು ಅಪ್ಪನಿಗೆ ಒಪ್ಪಿಸಿ, ಸೀಟಿನ ಮೇಲೆ ಒಮ್ಮೆ ಕೈಯಾಡಿಸಿ, ಬಸ್ಸು ಹತ್ತಿಬಿಟ್ಟರು. ಅಪ್ಪ ನೇಕಾರ. ಅವನಿಗೆ ಗಾಡಿಯೂ ಒಂದು ಗೂಟದಂತೆಯೇ ಕಂಡಿತು. ಬಣ್ಣ ಹಾಕಿಸಿ ತಂದ ನೂಲಿನ ಲಡಿಗಳನ್ನು ಹ್ಯಾಂಡಲ್ಲಿಗೆ ತೂಗುಹಾಕಿ ಒಣಗಿಸುತ್ತಿದ್ದ. ಅದರ ಟ್ಯಾಂಕಿನ ಮೇಲೆ ಕೆಂಪು, ನೀಲಿ ಹನಿಗಳು ಬಿದ್ದು ಒಣಗಿದ್ದವು.

ಅದನ್ನು ಎಬ್ಬಿಸಿದವಳು ಅಕ್ಕ ನೀಲವ್ವ. ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಒಂದು ದಿನ ಹಿತ್ತಲಲ್ಲಿ ಗೋಣಿಚೀಲ ಹಾಸಿಕೊಂಡು, ಗಾಡಿಯ ಕಾರ್ಬುರೇಟರ್ ಬಿಚ್ಚಿ, ಅವ್ವನ ತಲೆಪಿನ್ನಿನಿಂದ ಅದರ ತೂತು ಕೆದರುತ್ತ ಕುಳಿತಿದ್ದಳು. ಅಪ್ಪ ಮಗ್ಗದಿಂದ ಎದ್ದು ಬಂದ.

"ಏನ ಮಾಡಾಕತ್ತೀ ನೀಲವ್ವಾ?"

"ಇದರ ಗಂಟಲಾಗ ಕಸ ಸಿಕ್ಕೈತಪ್ಪಾ."

"ನಿನಗ ಹೆಂಗ ಗೊತ್ತು?"

"ಮಾಸ್ತರು ಕಿಕ್ ಹೊಡಿಬೇಕಾದ್ರ ಕೆಮ್ಮತಿತ್ತಲ್ಲ, ನೀ ಕೇಳಿಲ್ಲೇನು?"

ಅಪ್ಪ ಹ್ಯಾಂಡಲ್ಲಿನ ಕಡೆ ನೋಡಿದ. "ಲಡಿ ಎಲ್ಲಿ ಹಾಕಲಿ ಹಂಗಾದ್ರ?" ಎಂದಷ್ಟೇ ಕೇಳಿದ. ಅದು ಅಪ್ಪನ ಒಪ್ಪಿಗೆ.

ಅಕ್ಕ ಕುಣಿಮಗ್ಗದಲ್ಲಿ ಕುಳಿತು ಕಾಲುಮಣೆ ತುಳಿದು ಬೆಳೆದವಳು. ಆ ಕಾಲಿಗೆ ಏನು ಬಲವಿತ್ತೋ, ಏನು ತಾಳವಿತ್ತೋ, ಹಿಡಿಕೆ ತಿರುವಿ ಒಂದು ತುಳಿತ ತುಳಿದರೆ ಸಾಕು, ಗಾಡಿ ಎದ್ದು ಕೂಗುತ್ತಿತ್ತು. ಒಂದೇ ಕಿಕ್ಕು. ಎರಡನೆಯದು ಬೇಕಾದ ದಿನ ನನಗೆ ನೆನಪಿಲ್ಲ. ನನಗೆ ಬೇಸಿಗೆಯಲ್ಲಿ ಮೂರು, ಚಳಿಗಾಲದಲ್ಲಿ ಐದು, ಯಾರಾದರೂ ನೋಡುತ್ತಿದ್ದರೆ ಎಂಟು ಬೇಕಾಗುತ್ತಿದ್ದವು.

ಅಲ್ಲಿಂದ ಹತ್ತು ವರ್ಷ ನಮ್ಮ ಮನೆಯೇ ಹಗುರಾಯಿತು ಅನ್ನಿ. ಬಣ್ಣದ ಮನೆಯಿಂದ ನೂಲು ತರುವುದು, ನೇಯ್ದ ಸೀರೆ ಒಯ್ಯುವುದು, ಗುಳೇದಗುಡ್ಡದಿಂದ ಕುಪ್ಪಸದ ಕಣ ತರುವುದು, ಎಲ್ಲ ಅಕ್ಕನೇ. ಹಿಂದೆ ಅಪ್ಪ ಗಂಟು ತಬ್ಬಿಕೊಂಡು ಕೂರುತ್ತಿದ್ದ. ಅವ್ವ ಹತ್ತಿದರೆ ಒಂದೇ ಕಡೆ ಎರಡೂ ಕಾಲು ಇಳಿಬಿಟ್ಟು, ಮಡಿಲಲ್ಲಿ ರೊಟ್ಟಿ ಗಂಟು ಇಟ್ಟುಕೊಂಡು, ಊರ ಅಗಸಿ ಬಾಗಿಲು ದಾಟುತ್ತಲೇ ಕಣ್ಣು ಮುಚ್ಚಿದರೆ ಮುಂದಿನ ಊರಿನಲ್ಲೇ ತೆರೆಯುತ್ತಿದ್ದಳು. ಕೂಡಲಸಂಗಮಕ್ಕೆ ಎಷ್ಟೋ ಸಲ ಹೋಗಿಯೂ ದಾರಿ ಹೇಗಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಮಹಾಕೂಟದ ಹೊಂಡದಲ್ಲಿ ಮಿಂದು ಒದ್ದೆ ತಲೆಯಲ್ಲಿ ಗಾಡಿ ಹತ್ತಿದರೆ ಬಾದಾಮಿ ಮುಟ್ಟುವುದರೊಳಗೆ ಕೂದಲು ಒಣಗಿ ನೆಟ್ಟಗೆ ನಿಂತಿರುತ್ತಿತ್ತು.

ಒಮ್ಮೆ ಬಾದಾಮಿಯಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಒಂದು ಗಡವ ಮಂಗ ಸೀಟಿನ ಮೇಲೆ ಕುಳಿತು ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿತ್ತು. ನಾನು ಕೈ ಬೀಸಿದೆ, ಹಲ್ಲು ತೋರಿಸಿತು. ಅಪ್ಪ ಟವೆಲ್ ಬೀಸಿದ, ಟವೆಲ್ ಕಸಿದುಕೊಂಡಿತು. ಅಕ್ಕ ಸುಮ್ಮನೆ ಬದಿಗೆ ಬಂದು, ಹಿಡಿಕೆ ತಿರುವಿ, ಒಂದು ಕಿಕ್ಕು ಹೊಡೆದಳು. ಎರಡೂ ಸೈಲೆನ್ಸರಿನಿಂದ ಗುಂಡು ಹಾರಿದಂತೆ ಸದ್ದು ಬಂತು. ಮಂಗ ಟವೆಲ್ ಸಮೇತ ಮಾಳಿಗೆ ಏರಿತು. ಅಲ್ಲಿಂದ ಅದು ನಮ್ಮನ್ನು ನೋಡಿದ ರೀತಿ ನನಗೆ ಇವತ್ತಿಗೂ ನೆನಪಿದೆ. ಅದಕ್ಕೂ ಆ ಗಾಡಿ ಬಿಡುವ ಮನಸ್ಸಿರಲಿಲ್ಲ.

ಸೀಟಿನ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ಅದು ನನ್ನ ಮೊದಲ ಕೆಲಸ. ಶಾಲೆ ಬಿಟ್ಟ ಮೇಲೆ ದರ್ಜಿಯ ಹತ್ತಿರ ಕಲಿಯಲು ಹೋಗುತ್ತಿದ್ದೆ. ಗಾಡಿಯ ಸೀಟು ಹರಿದು ಒಳಗಿನ ನಾರು ಹೊರಬಂದಿತ್ತು. ಅದೇ ಹೊತ್ತಿಗೆ ಅಕ್ಕ ತನ್ನ ಕೈಯಾರೆ ಮೊದಲ ಸೀರೆ ನೇಯ್ದಿದ್ದಳು. ಇಲಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಎಳೆಗೂ ಕೊಂಡಿ ಹಾಕಿ ಕೂಡಿಸಬೇಕು. ಅಕ್ಕನ ಕೊಂಡಿಗಳು ಅಲ್ಲಲ್ಲಿ ತಪ್ಪಿ, ಮಗ್ಗದಿಂದ ಇಳಿಸಿದಾಗ ಸೆರಗು ಮೈಯನ್ನು ಬಿಟ್ಟು ಬಂತು. ಕೆಂಪು ನೆಲದ ಮೇಲೆ ಬಿಳಿ ತೆನೆಗಳು, ಒಂದೂ ಸೊಟ್ಟಗಿರಲಿಲ್ಲ. ಆದರೆ ಮೈಯಿಲ್ಲದ ಸೆರಗನ್ನು ಯಾವ ವ್ಯಾಪಾರಿ ಕೊಳ್ಳುತ್ತಾನೆ? ಅವ್ವ ಅದನ್ನು ಕೌದಿಗೆ ಹಾಕೋಣ ಅಂದಳು.

"ಕೌದಿಗೆ ಬ್ಯಾಡ," ಅಂದಳು ಅಕ್ಕ. "ಸಂಗ್ಯಾ, ಸೀಟಿನ ಒಳಗ ಹಾಕಿ ಮ್ಯಾಲ ರೆಕ್ಸಿನ್ ಹೊಲಿ. ನನ್ನ ಮೊದಲನೇ ಸೆರಗಿನ ಮ್ಯಾಲ ನಾನs ಕುಂಡರತೀನಿ."

ಹಾಗೆ ಹೊಲಿದೆ. ಕಪ್ಪು ರೆಕ್ಸಿನ್, ಒಳಗೆ ಕೆಂಪು ಸೆರಗು. ಹೊಲಿಗೆ ಒಂದು ಕಡೆ ಬಾದಾಮಿ ಬೆಟ್ಟ ಏರಿದಂತೆ ಮೇಲೆ ಹೋಗಿತ್ತು. ಅಕ್ಕ ನೋಡಿ, "ಗಾಡಿ ಏರ ಏರಬೇಕಲ್ಲ, ಇರಲಿ ಬಿಡು" ಅಂದಳು.

ಈಗ ನನ್ನ ಪಾಪಕ್ಕೆ ಬರುತ್ತೇನೆ. ಇಷ್ಟು ಹೊತ್ತು ಮಂಗ, ಹೊಂಡ ಅಂತ ಸುತ್ತಾಡಿಸಿದ್ದು ಅದಕ್ಕೇ ಎಂದು ನಿಮಗೂ ಗೊತ್ತಾಗಿರಬೇಕು.

ಗಾಡಿ ಹೊಡೆಯುವ ಹುಡುಗಿ ಎಂದು ಎರಡು ಮೂರು ಸಂಬಂಧ ತಿರುಗಿಹೋಗಿ, ಅಕ್ಕನಿಗೆ ಕೊನೆಗೆ ಹುನಗುಂದದಲ್ಲಿ ಮದುವೆಯಾಯಿತು. ಗಾಡಿ ತವರಲ್ಲೇ ಉಳಿಯಿತು. ಹುನಗುಂದ ಹತ್ತಿರವೇ, ಬಸ್ಸಿನಲ್ಲಿ ಬಂದು, ಇಡೀ ದಿನ ಗಾಡಿ ಹೊಡೆದು, ಬಸ್ಸಿನಲ್ಲಿ ಹೋಗುತ್ತಿದ್ದಳು. ಬರುವಾಗ ಅವ್ವನನ್ನು ನೋಡಲು ಬಂದೆ ಅನ್ನುತ್ತಿದ್ದಳು. ಅವ್ವ, "ಹೌದೌದು, ನನ್ನ ಹೊಟ್ಟಿಗೆ ಪೆಟ್ರೋಲ್ ಹಾಕತಾಳ" ಅನ್ನುತ್ತಿದ್ದಳು.

ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು, ಹೆಣ್ಣು ಕೂಸು ಹುಟ್ಟಿತು. ನಮ್ಮ ಕಡೆಯ ಬಾಣಂತನ ನಿಮಗೆ ಗೊತ್ತಲ್ಲ. ಕತ್ತಲೆ ಕೋಣೆ, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ, ಗಾಳಿ ಹೋಗಬಾರದೆಂದು ಕಿವಿಗೆ ಅರಳೆ ತುಂಬಿ ಮೇಲೆ ಬಿಗಿಯಾಗಿ ಸ್ಕಾರ್ಫು. ಪಕ್ಕದಲ್ಲಿ ನಗಾರಿ ಬಡಿದರೂ ಬಾಣಂತಿಗೆ ಕೇಳಿಸುವುದಿಲ್ಲ. ಅಕ್ಕ ಆ ಕೋಣೆಯ ಬಾಗಿಲಿಗೆ ನನ್ನನ್ನು ಕರೆದು ಹೇಳಿದಳು:

"ಸಂಗ್ಯಾ, ದಿನಾ ಮುಂಜಾನೆ ಒಮ್ಮೆ ಚಾಲೂ ಮಾಡಿ ಬಂದ್ ಮಾಡು. ನಿಂತ್ರ ಅದು ಜಡ್ಡ ಬೀಳತೈತಿ."

"ಹೂಂ," ಎಂದು ತಲೆಯಾಡಿಸಿದೆ.

"ನನಗ ಕೇಳಂಗಿಲ್ಲ. ಎಷ್ಟ ಕಿಕ್ಕಿಗೆ ಚಾಲೂ ಆತು ಅಂತ ಬಂದ ಬೆರಳ ತೋರಿಸಿ ಹೇಳಬೇಕ ನೀ."

ಅದೇ ದಿನಗಳಲ್ಲಿ ನನಗೆ ಬಾದಾಮಿಯಲ್ಲಿ ಕನ್ಯೆ ನೋಡಲು ಹೋಗುವುದಿತ್ತು. ಓಣಿಯ ಕಟ್ಟೆಯ ಮೇಲೆ ಗೆಳೆಯರು ಕೂತಿದ್ದರು.

"ಏನ್ಲೇ ಸಂಗ್ಯಾ, ಕನ್ಯಾ ನೋಡಾಕ ಅಕ್ಕನ ಗಾಡಿ ಮ್ಯಾಲ ಹೊಂಟೀ?"

"ಹೂಂ, ಯಾಕ?"

"ಆಕಿ ಸೀರಿನೂ ಉಟಗೊಂಡ ಹೋಗಲೇ. ಜೋಡಿ ಆಗತೈತಿ."

ಅವರು ನಕ್ಕಿದ್ದು ಅರ್ಧ ನಿಮಿಷ. ನಾನು ಬೆಂದಿದ್ದು ಒಂದು ವಾರ. ಆ ಕಾಲಕ್ಕೆ ಹೊಸ ನಮೂನೆಯ ಗಾಡಿಗಳು ಬಂದಿದ್ದವು. ತೆಳ್ಳಗೆ, ಕೆಂಪಗೆ, ಹೊಗೆಯಿಲ್ಲ, ಸದ್ದಿಲ್ಲ. ನಮ್ಮದು ಒಂದು ಫರ್ಲಾಂಗು ಮೊದಲೇ ಬರುವ ಸುದ್ದಿ ಹೇಳಿ, ಹೋದ ಮೇಲೆ ಅರ್ಧ ತಾಸು ಹೊಗೆ ಬಿಟ್ಟಿರುತ್ತಿತ್ತು. ನಾನು ಕೆರೂರ ಸಂತೆಗೆ ಹೋದೆ. ಅಲ್ಲಿ ಇಮಾಮಸಾಬ ಅಂತ ಒಬ್ಬ ಬಳೆ ವ್ಯಾಪಾರಿ ತನ್ನ ಕೆಂಪು ಗಾಡಿಯನ್ನು ಬೈಯುತ್ತ ನಿಂತಿದ್ದ. ಹಿಂದೆ ಎರಡು ಬಳೆ ಪೆಟ್ಟಿಗೆ ಕಟ್ಟಿದರೆ ಏರಿನಲ್ಲಿ ಅದರ ಮುಂದಿನ ಗಾಲಿ ಮೇಲೇಳುತ್ತಿತ್ತಂತೆ. ಅವನಿಗೆ ಎಳೆಯುವ ಗಾಡಿ ಬೇಕಿತ್ತು, ನನಗೆ ಹೊಳೆಯುವ ಗಾಡಿ. ಎತ್ತಿಗೆ ಎತ್ತು ಬದಲಿಸಿದ ಹಾಗೆ, ಗಾಡಿಗೆ ಗಾಡಿ ಬದಲಿಸಿ, ಚಹಾ ಕುಡಿದು, ಕೈ ಕೊಟ್ಟು ಬಂದೆವು. ಹಳೆಯ ಗಾಡಿಗೆ ಕೀಲಿಕೈ ಎರಡಿದ್ದವು. ಕೊಟ್ಟಿದ್ದು ಒಂದು. ಇನ್ನೊಂದು ಕಿಸೆಯಲ್ಲಿ ಮರೆತುಹೋಯಿತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ಕೆಂಪು ಗಾಡಿಯನ್ನು ಗೆಳೆಯನ ಮನೆಯಲ್ಲಿ ಬಚ್ಚಿಟ್ಟೆ. ಮರುದಿನ ಮುಂಜಾನೆ ಬಾಣಂತಿ ಕೋಣೆಯ ಬಾಗಿಲಿಗೆ ನಿಂತು ಮೂರು ಬೆರಳು ತೋರಿಸಿದೆ.

"ಮೂರ ಕಿಕ್ಕಾ? ನಾನಿದ್ರ ಒಂದಕ್ಕ ಆಗತಿತ್ತು," ಅಂದಳು ಅಕ್ಕ.

ಮರುದಿನ ನಾಲ್ಕು ಬೆರಳು. "ಚೋಕ್ ಎಳೀಲಿಲ್ಲೇನು?" ಅದರ ಮರುದಿನ ಐದು. "ಪ್ಲಗ್ ಒರಸು." ಇಲ್ಲದ ಗಾಡಿಗೆ ಬಂದ ಕಾಯಿಲೆಗೆ ಅವಳು ಕತ್ತಲೆಯಲ್ಲಿ ಕುಳಿತು ಮದ್ದು ಹೇಳುತ್ತಿದ್ದಳು, ನಾನು ಹೂಂ ಹೂಂ ಎಂದು ತಲೆಯಾಡಿಸುತ್ತಿದ್ದೆ. ಹೊಲಿಗೆ ಮಷೀನಿನ ಎಣ್ಣೆಯನ್ನು ಕೈಗೆ ಬಳಿದುಕೊಂಡು ಹೋಗಿ ನಿಂತ ದಿನವೂ ಉಂಟು. ಒಂದು ದಿನ ಪೆಟ್ರೋಲ್ ನಳ ಸೋರುತ್ತಿದೆ ಎಂದು ತೋಚಿದ್ದನ್ನು ಕೈಸನ್ನೆಯಲ್ಲಿ ಹೇಳಿಬಿಟ್ಟೆ. ಅವಳು ಕೂಸಿನ ಸಾಬೂನು ಮುರಿದು ಒಂದು ಚೂರು ಕೊಟ್ಟು, "ಇದನ್ನ ಮೆತ್ತು, ನಿಲ್ಲತೈತಿ" ಅಂದಳು. ಆ ಸಾಬೂನಿನ ಚೂರು ಹಿಡಿದುಕೊಂಡು ಹಿತ್ತಲಲ್ಲಿ ನಿಂತಿದ್ದೆನಲ್ಲ, ನನ್ನಷ್ಟು ದೊಡ್ಡ ಹುಚ್ಚ ಆ ಹೊತ್ತಿನಲ್ಲಿ ಜಿಲ್ಲೆಯಲ್ಲೇ ಇರಲಿಲ್ಲ.

ಬಾದಾಮಿಗೆ ಕೆಂಪು ಗಾಡಿಯಲ್ಲಿ ಹೋದೆ. ಅವಲಕ್ಕಿ ಆಯಿತು, ಚಹಾ ಆಯಿತು. ಹುಡುಗಿ ಬನವ್ವ ತಲೆ ತಗ್ಗಿಸಿ ಕುಳಿತವಳು ಬಾಗಿಲ ಹೊರಗೆ ಮಾತ್ರ ಪದೇಪದೇ ನೋಡುತ್ತಿದ್ದಳು. ಹಿರಿಯರು ನಮ್ಮಿಬ್ಬರನ್ನೇ ಮಾತಾಡಿಕೊಳ್ಳಲು ಬಿಟ್ಟು ಎದ್ದಾಗ ಅವಳು ಕೇಳಿದ ಮೊದಲ ಮಾತು ಇದು:

"ಎರಡ ಸೈಲೆನ್ಸರಿನ ಗಾಡಿ ನಿಮ್ಮದಲ್ಲೇನ್ರಿ?"

"ಅದು... ನಮ್ಮ ಅಕ್ಕಂದು."

"ಮಹಾಕೂಟದಾಗ ನೋಡಿದ್ದೆ. ಅವ್ರು ತಾಯಿನ್ನ ಹಿಂದ ಕುಂಡರಿಸಿಕೊಂಡ ಹೊಂಟಿದ್ರು. ಆ ಗಾಡಿ ಮನಿ ಸಂಬಂಧ ಅಂತ ಹೂಂ ಅಂದಿದ್ದೆ ನಾ." ಮತ್ತೆ ಹೊರಗೆ ನೋಡಿದಳು. "ಇದೇನ್ರಿ ಇದು, ಹೊಲಿಗಿ ಮಷೀನ್ ಇದ್ದಂಗ ಐತಿ."

ಆದರೂ ಮದುವೆಯಾದಳು. ಇಷ್ಟು ವರ್ಷಗಳಲ್ಲಿ ಜಗಳವಾದಾಗಲೆಲ್ಲ ಕೊನೆಗೆ ಬರುವ ಮಾತು ಒಂದೇ, "ಗಾಡಿ ತೋರಿಸಿ ಮೋಸ ಮಾಡಿದ್ರಿ."

ಬಾಣಂತನ ಮುಗಿದು, ಕಿವಿಯ ಅರಳೆ ತೆಗೆದ ದಿನ ಅಕ್ಕ ಕೂಸನ್ನು ಅವ್ವನ ಕೈಗೆ ಕೊಟ್ಟು ನೆಟ್ಟಗೆ ಹಿತ್ತಲಿಗೆ ಹೋದಳು. ತಿರುಗಿ ಬಂದು ಪಡಸಾಲೆಯಲ್ಲಿ ನಿಂತಳು. "ಗಾಡಿ ಎಲ್ಲಿ?" ಮಗ್ಗದ ಕುಣಿಯಲ್ಲಿ ಕುಳಿತಿದ್ದ ಅಪ್ಪ ಲಾಳಿ ನಿಲ್ಲಿಸದೆ, ತಲೆ ಎತ್ತದೆ ಹೇಳಿದ:

"ನಾನs ಕೊಟ್ಟೆ. ಕೂಸಿನ ತಾಯಿ ಇನ್ನ ಗಾಡಿ ಹೊಡಿತಾಳೇನು?"

ಅಪ್ಪನಿಗೆ ಎಲ್ಲ ಗೊತ್ತಿತ್ತು. ಎಂದು ಗೊತ್ತಾಯಿತೋ, ಹೇಗೆ ಗೊತ್ತಾಯಿತೋ, ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಅಕ್ಕ ಅಂದಿನಿಂದ ಮೂರು ತಿಂಗಳು ಅವನ ಜೊತೆ ಮಾತು ಬಿಟ್ಟಳು. ಊಟಕ್ಕೆ ಕರೆಯಬೇಕಾದರೆ ತೊಟ್ಟಿಲಿನ ಕೂಸಿಗೆ ಹೇಳುತ್ತಿದ್ದಳು, "ನಿಮ್ಮ ಅಜ್ಜಗ ರೊಟ್ಟಿ ಆರತಾವ ಅಂತ ಹೇಳವ್ವಾ." ಅಪ್ಪನೂ ಕೂಸಿಗೇ ಉತ್ತರ ಕೊಡುತ್ತಿದ್ದ, "ಬಂದೆ ಅಂತ ಹೇಳು ನಿಮ್ಮವ್ವಗ." ನಾನು ಒಮ್ಮೆ ಧೈರ್ಯ ಮಾಡಿ ಅಪ್ಪನ ಹತ್ತಿರ ಹೋದೆ.

"ಯಾಕ ಹಂಗ ಹೇಳಿದಿ ಅಪ್ಪಾ?"

"ಆಕಿ ನನ್ನ ಮ್ಯಾಲ ಸಿಟ್ಟಾದ್ರ ಮೂರ ತಿಂಗಳ. ನಿನ್ನ ಮ್ಯಾಲ ಆದ್ರ ಎಷ್ಟ ದಿನಾ ಅಂತ ನನಗ ಹೇಳಾಕ ಬರಂಗಿಲ್ಲ." ಸ್ವಲ್ಪ ಹೊತ್ತು ನೇಯ್ದು, "ನಾ ಹೇಳೂದಲ್ಲ ಇದು. ಒಂದ ದಿನ ನೀನs ಹೇಳು" ಅಂದ.

ಆ ಒಂದು ದಿನ ಇಂದು ಬರುತ್ತದೆ, ನಾಳೆ ಬರುತ್ತದೆ ಎಂದುಕೊಂಡೇ ಇದ್ದೆ. ಕೆಂಪು ಗಾಡಿ ಎರಡೇ ವರ್ಷಕ್ಕೆ ಬೇಸರವಾಗಿ ಅದನ್ನೂ ಮಾರಿದೆ. ಬಾಗಲಕೋಟೆಗೆ ಬಂದು ಅಂಗಡಿ ಹಾಕಿದೆ. ಆ ಕೂಸು ಬೆಳೆದು ಕಾಲೇಜೂ ಮುಗಿಸಿತು. ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಅವನ ಮೊದಲ ವರ್ಷದ ದಿನ ಸಂಗಮದಲ್ಲಿ ಮಿಂದು ಮೆಟ್ಟಿಲ ಮೇಲೆ ಕೂತಾಗ ಅಕ್ಕ ನೀರು ನೋಡುತ್ತ ಹೇಳಿದಳು, "ಅಪ್ಪ ಎಲ್ಲಾ ಛಲೋ ಇದ್ದ. ಗಾಡಿ ಒಂದು ಮಾರಬಾರದಿತ್ತು." ನಾನು ಮುಖಕ್ಕೆ ನೀರು ಹಾಕಿಕೊಂಡೆ. ಆಗಲೂ ಹೇಳಲಿಲ್ಲ.

ಈ ಸಲದ ಶ್ರಾವಣದಲ್ಲಿ ಅಂಗಡಿಗೆ ಒಬ್ಬರು ಸೀಟು ಒಂದನ್ನೇ ಬಿಚ್ಚಿ, ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತಂದರು. ಬಿಳಿ ಗಡ್ಡ, ಕಂಕುಳಲ್ಲಿ ಸೀಟು. "ಹೊಸದಾಗಿ ಹಾಕ್ರಿ, ಆದ್ರ ಕುಂತ್ರ ಹಳೇದರಂಗs ಇರಬೇಕು" ಅಂದರು. ಸಂಜೆ ಬರುತ್ತೇನೆಂದು ಹೋದರು. ನಾನು ಬ್ಲೇಡ್ ತೆಗೆದುಕೊಂಡು ಕುಳಿತೆ. ಮೇಲೆ ಹಸಿರು ರೆಕ್ಸಿನ್. ಅದರ ಕೆಳಗೆ ಕಂದು. ಯಾರೋ ಹಳೆಯದನ್ನು ತೆಗೆಯದೆ ಅದರ ಮೇಲೇ ಹೊಲಿಯುತ್ತ ಬಂದಿದ್ದರು. ಮೈಗಳ್ಳರು ಎಂದು ಬೈಯುತ್ತ ಅದನ್ನೂ ಸುಲಿದೆ. ಕೆಳಗೆ ಕಪ್ಪು. ಕಪ್ಪಿನ ಮೇಲೆ ಒಂದು ಹೊಲಿಗೆ, ಸೊಟ್ಟಗೆ, ಬೆಟ್ಟ ಏರಿದಂತೆ ಮೇಲೆ ಹೋಗಿತ್ತು.

ಬ್ಲೇಡ್ ಕೆಳಗಿಟ್ಟೆ. ಹೊಲಿಗೆಯನ್ನು ಕೈಯಿಂದಲೇ ಒಂದೊಂದಾಗಿ ಬಿಚ್ಚಿದೆ. ಒಳಗೆ ಕೆಂಪು, ಕೆಂಪಿನ ಮೇಲೆ ಸಾಲಾಗಿ ಬಿಳಿ ತೆನೆ.

ಆ ಬಿಳಿ ಗಡ್ಡದವರು, ಅಂದರೆ ಅದೇ ಬಳೆ ವ್ಯಾಪಾರಿ ಇಮಾಮಸಾಬರು, ಸಂಜೆ ಬಂದಾಗ ನಾನು ಕೆಲಸ ಮುಟ್ಟಿರಲಿಲ್ಲ, ಸೆರಗು ಮುಂದಿಟ್ಟುಕೊಂಡು ಕುಳಿತಿದ್ದೆ. ಕೆರೂರ ಸಂತೆ, ಕೆಂಪು ಗಾಡಿ ಎಂದು ಹೇಳಿದ ಮೇಲೆ ಅವರಿಗೂ ಗುರುತು ಹತ್ತಿತು. ಇಬ್ಬರೂ ಒಟ್ಟಿಗೇ ಬಾಯಿ ತೆರೆದೆವು.

"ನಮ್ಮ ಗಾಡಿ ತಿರುಗಿ ಕೊಡ್ತೀರೇನ್ರಿ?" ಅಂದೆ ನಾನು.

"ನನ್ನ ಕೆಂಪ ಗಾಡಿ ಎಲ್ಲೈತ್ರಿ?" ಅಂದರು ಅವರು.

ಮಾರಿದೆ ಅಂದೆ. ಅವರು ಬಹಳ ಹೊತ್ತು ತಲೆಯಾಡಿಸಿದರು. "ಅದು ನನ್ನ ಮೊದಲನೇ ಗಾಡಿ ಇತ್ತು. ನಿಮಗ ಕೊಟ್ಟ ಮನಿಗೆ ಹೋದ ದಿನ ನಮ್ಮಾಕಿ ಊಟಕ್ಕ ನೀಡಲಿಲ್ಲ. ಒಮ್ಮೆ ಮಾಡಿದ ತಪ್ಪ ಇನ್ನೊಮ್ಮೆ ಮಾಡಂಗಿಲ್ರಿ ನಾ. ಇದನ್ನ ಕೊಡಂಗಿಲ್ಲ."

ಅಕ್ಕನ ಕಥೆಯನ್ನು, ಮೂರು ನಾಲ್ಕು ಐದು ಬೆರಳಿನ ಸಮೇತ, ಹೇಳಿದೆ. ಜಗತ್ತಿನಲ್ಲಿ ನಾನು ಅದನ್ನು ಬಾಯಿಬಿಟ್ಟು ಹೇಳಿದ ಮೊದಲ ಮನುಷ್ಯ ಒಬ್ಬ ಬಳೆಗಾರ. ಕಥೆ ಸಾಬೂನಿನ ಚೂರಿನ ಹತ್ತಿರ ಬಂದಾಗ ನಗಲು ಶುರು ಮಾಡಿದವರು ಕೆಮ್ಮು ಬಂದು ನೀರು ಕುಡಿದರು. ಆಮೇಲೆ, "ಒಂದ ದಿನದ ಮಟ್ಟಿಗೆ ಒಯ್ರಿ. ಅಕ್ಕಾವ್ರಿಗೆ ತೋರಿಸಿ ತಂದ ಬಿಡ್ರಿ. ಆದ್ರ ಕೀಲಿಕೈ ಕಳದ ಭಾಳ ವರ್ಷ ಆತು, ಮೊಳಿ ಹಾಕಿ ತಿರುವತೀನಿ" ಅಂದರು. ನಾನು ಸೂಜಿ ಡಬ್ಬಿ ತೆರೆದು ಕೀಲಿಕೈ ತೆಗೆದು ತೋರಿಸಿದೆ. ಅವರು ಅದನ್ನೂ ನನ್ನನ್ನೂ ನೋಡಿದರು.

"ಅಂದ್ರ ಅರ್ಧಾ ಗಾಡಿ ಅಷ್ಟs ಕೊಟ್ಟಿದ್ರಿ ನೀವು."

ಸೆರಗನ್ನು ಇದ್ದ ಹಾಗೆಯೇ ಒಳಗಿಟ್ಟು ಮೇಲೆ ಕಪ್ಪು ರೆಕ್ಸಿನ್ ಹೊಲಿದೆ. ಈ ಸಲ ಹೊಲಿಗೆ ನೆಟ್ಟಗೆ ಬಂತು, ನೋಡಲು ಯಾಕೋ ಬೇರೆ ಯಾರದೋ ಸೀಟಿನಂತೆ ಕಂಡಿತು. ಅದನ್ನು ಒಯ್ದು ಕೆರೂರಿನಲ್ಲಿ ಗಾಡಿಗೆ ಕೂರಿಸಿ, ಆರು ಕಿಕ್ಕಿಗೆ ಚಾಲೂ ಮಾಡಿ ಹುನಗುಂದದ ದಾರಿ ಹಿಡಿದೆ. ಏನು ಹೇಳಲಿ ನಿಮಗೆ. ಐವತ್ತರ ಹತ್ತಿರದ ನಾನು, ಹೊಟ್ಟೆ ಬಂದವನು, ದಾರಿಯುದ್ದಕ್ಕೂ ಹಲ್ಲು ಕಿಸಿದುಕೊಂಡೇ ಹೋದೆ. ಎದುರು ಬರುವ ಮುದುಕರು ಗಾಡಿ ನಿಲ್ಲಿಸಿ ತಿರುಗಿ ನೋಡುತ್ತಿದ್ದರು. ಒಬ್ಬರಂತೂ ನನಗಲ್ಲ, ಗಾಡಿಗೆ ಕೈ ಮಾಡಿದರು.

ಅಕ್ಕನ ಮನೆಯ ಮುಂದೆ ಗೇರ್ ತಪ್ಪಿ ಬಂದ್ ಬಿತ್ತು. ಹಿಡಿಕೆ ತಿರುವಿ ಹೊಡೆದೆ, ಒಂದು. ಎರಡು. ಮೂರು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅಕ್ಕ ಎರಡೂ ಕೈಗೆ ಜೋಳದ ಹಿಟ್ಟು ಮೆತ್ತಿಕೊಂಡು ಹೊಸ್ತಿಲಿಗೆ ಬಂದು ನಿಂತಳು. ನನ್ನನ್ನು ನೋಡಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಬಂದು, ಸೀಟಿನ ಅಂಚು ಒತ್ತಿ ಕೇಳಿದಳು.

"ಸೆರಗು?"

"ಒಳಗ ಐತಿ."

"ಸರಿ. ಹಿಂದ ಸರಿ."

ಒಂದೇ ಕಿಕ್ಕು. ಟ್ಯಾಂಕಿನ ಮೇಲೆ ಐದು ಬೆರಳಿನ ಹಿಟ್ಟಿನ ಗುರುತು ಬಿತ್ತು. ಎಲ್ಲಿ ಸಿಕ್ಕಿತು, ಹೇಗೆ ಸಿಕ್ಕಿತು, ಏನೂ ಕೇಳಲಿಲ್ಲ. ಇಲಕಲ್ ರಸ್ತೆಗೆ ಬಿದ್ದೆವು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕತ್ತು ನೆಟ್ಟಗೆ ಮಾಡಿ ಹೊಡೆಯುತ್ತಿದ್ದಳು, ಗಂಟಲಲ್ಲಿ ಏನೋ ರಾಗ ಎಳೆಯುತ್ತಿದ್ದಳು. ನಾನು ಹಿಂದಿನಿಂದ ಹೇಳಿದೆ, "ಅಕ್ಕಾ, ಗಾಡಿ ಅಪ್ಪ ಕೊಟ್ಟಿದ್ದಲ್ಲ, ನಾ ಕೊಟ್ಟಿದ್ದು."

"ಏನಂದಿ?"

"ಏನಿಲ್ಲ, ಗಾಳಿ ಭಾಳ ಐತಿ."

ಇನ್ನೊಮ್ಮೆ ಹೇಳಿದೆ. ಮತ್ತೊಮ್ಮೆ ಹೇಳಿದೆ. ಎರಡು ಸೈಲೆನ್ಸರಿನ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಿಸುತ್ತಿರಲಿಲ್ಲ. ನಿಜ ಹೇಳುತ್ತೇನೆ, ಅದಕ್ಕೇ ಅಷ್ಟು ಧೈರ್ಯ ಬಂದಿತ್ತು. ಅರಳೆ ತುಂಬಿದ ಕಿವಿಗೆ ಸುಳ್ಳು ಹೇಳಿದವನು, ಸದ್ದು ತುಂಬಿದ ಕಿವಿಗೆ ನಿಜ ಹೇಳಿ ಮುಗಿಸಿಬಿಡೋಣ ಎಂದುಕೊಂಡಿದ್ದೆ. ಅಕ್ಕ ಕೆಂಪು ಗ್ರಾನೈಟ್ ದಿಮ್ಮಿಗಳನ್ನು ಒಟ್ಟಿದ ಒಂದು ಕಡೆ ಗಾಡಿ ನಿಲ್ಲಿಸಿ, ಕೀಲಿಕೈ ತಿರುವಿ ಬಂದ್ ಮಾಡಿದಳು. ಸುತ್ತ ಸೂರ್ಯಕಾಂತಿ ಹೊಲ. ಒಂದು ಹಕ್ಕಿ ಕೂಗಿದರೂ ಕೇಳುತ್ತಿತ್ತು.

"ಈಗ ಹೇಳು."

ಹೇಳಿದೆ. ಕಟ್ಟೆಯ ಗೆಳೆಯರು, ಕೆರೂರ ಸಂತೆ, ಅಪ್ಪ ತಲೆ ಎತ್ತದೆ ಹೇಳಿದ ಸುಳ್ಳು, ಗಾಡಿಯನ್ನು ಇಮಾಮಸಾಬರಿಗೆ ತಿರುಗಿ ಮುಟ್ಟಿಸಬೇಕಾದದ್ದು, ಎಲ್ಲ.

"ದಿನಾ ಬಂದ ಬೆರಳ ತೋರಿಸ್ತಿದ್ದಿ."

"ಹೂಂ."

"ಮೂರು, ನಾಕು ಅಂತ. ಇಲ್ಲದ ಗಾಡಿಗೆ."

"ಹೂಂ."

"ಸಾಬೂನ ಏನ ಮಾಡಿದಿ?"

"ಮಾರಿ ತೊಳಕೊಂಡೆ."

ಅವಳ ತುಟಿ ನಡುಗಿತು. ನಗು ಬಂತು ಎಂದುಕೊಂಡು ನಾನೂ ಹಲ್ಲು ಬಿಟ್ಟೆ. ನಗು ಅರ್ಧಕ್ಕೇ ನಿಂತು ಅವಳ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡಳು, ಮುಖಕ್ಕೆಲ್ಲ ಹಿಟ್ಟಾಯಿತು.

"ಮೂರ ತಿಂಗಳ ಮಾತಾಡಸಲಿಲ್ಲ ನಾ ಅಪ್ಪಗ. ಒಂದ ಕೌದಿ ಮ್ಯಾಲ ಕುಂತ ಉಂಡರೂ ಮಾತಾಡಸಲಿಲ್ಲ."

ಅವಳು ಮುಖ ಮುಂದಕ್ಕೆ ತಿರುಗಿಸಿ ಹ್ಯಾಂಡಲ್ ಹಿಡಿದಳು.

"ಆ ಮೂರ ತಿಂಗಳ ನಿಂದು. ಇವತ್ತಿನಿಂದ ಸುರು. ಇಳಿ."

ಇಳಿದೆ. ಒಂದು ಕಿಕ್ಕು. ಅಕ್ಕ ಗಾಡಿ ತಿರುಗಿಸಿಕೊಂಡು ಬಂದ ದಾರಿಯಲ್ಲೇ ಹೋದಳು. ಸೂರ್ಯಕಾಂತಿಗಳೂ ನಾನೂ ಅದೇ ಕಡೆ ಮುಖ ಮಾಡಿ ನಿಂತಿದ್ದೆವು. ಸದ್ದು ಪೂರ್ತಿ ಕರಗುವವರೆಗೆ ನಿಂತು, ಆಮೇಲೆ ನಡೆಯತೊಡಗಿದೆ. ಹಿಂದಿನಿಂದ ಬಂದ ಗಾಡಿಯವರು ಹತ್ರೀ ಅಂದರು, ಬೇಡ ಅಂದೆ. ಏಕೆಂದು ಕೇಳಬೇಡಿ, ನಡೆಯುತ್ತ ನನಗೆ ನಗು ಬರುತ್ತಿತ್ತು. ಎಷ್ಟೋ ವರ್ಷದ ಬಿಗಿಯಾದ ಚಪ್ಪಲಿ ಕಳಚಿ ಎಸೆದವನ ಹಾಗೆ ಕಾಲು ಹಾರುತ್ತಿದ್ದವು.

ಸಂಜೆ ಕೆರೂರಿನಿಂದ ಇಮಾಮಸಾಬರ ಫೋನು ಬಂತು. "ನಿಮ್ಮ ಅಕ್ಕಾವ್ರು ಗಾಡಿ ತಂದ ಮುಟ್ಟಿಸಿದ್ರು. ನಮ್ಮಾಕಿ ಕಡೆ ಕೈ ತುಂಬ ಬಳಿ ಇಡಿಸಿಕೊಂಡ್ರು, ಚಹಾ ಕುಡದು ಬಸ್ಸಿಗೆ ಹೋದ್ರು. ಕೀಲಿಕೈ ಮಾತ್ರ ಕೊಡವಲ್ರು. ಸಂತಿ ದಿನಾ ಬಂದು ನಾನs ಚಾಲೂ ಮಾಡತೀನಿ ಅಂದಾರ. ನಾ ಏನ ಅನ್ನಲಿ, ಹೂಂ ಅಂದೆ."

ಅಂದಿನಿಂದ ಇಂದಿಗೆ ಎರಡು ತಿಂಗಳು ತುಂಬಿತು. ಅಕ್ಕ ಫೋನು ಮಾಡುತ್ತಾಳೆ, ಬನವ್ವನಿಗೆ. "ಆತಗ ಹೇಳು, ಸಕ್ಕರಿ ಕಮ್ಮಿ ಮಾಡು ಅಂತ." ನಾನೂ ಬನವ್ವನಿಗೇ ಉತ್ತರ ಕೊಡುತ್ತೇನೆ. ಬನವ್ವ ಇಬ್ಬರ ನಡುವೆ ಖುಷಿಯಾಗಿದ್ದಾಳೆ, ತನಗೆ ಬೇಕಾದ ಒಂದೆರಡು ಮಾತನ್ನು ಅಕ್ಕನ ಹೆಸರಿನಲ್ಲಿ ತಾನೇ ಸೇರಿಸುತ್ತಾಳೆ ಎಂದು ನನಗೆ ಗುಮಾನಿ. ಇದನ್ನು ಬರೆಯಲು ಕುಳಿತಿದ್ದೂ ಅದಕ್ಕೇ. ಮಾತಾಡಲು ಬಿಡದ ಅಕ್ಕ ಓದುವುದನ್ನು ಬಿಟ್ಟಿಲ್ಲ. ಅಪ್ಪ ಮಾರಲಿಲ್ಲ ಎಂಬುದು ಒಂದು ಕಡೆ ಅಚ್ಚಾಗಿ ಇರಲಿ ಎಂದು ಅನಿಸಿತು.

ನಿನ್ನೆ ಕೆರೂರ ಸಂತೆ. ಹನ್ನೊಂದರ ಹೊತ್ತಿಗೆ ಗಿರಾಕಿಯೊಬ್ಬರ ಸೀಟಿಗೆ ಅಳತೆ ಹಿಡಿದಿದ್ದೆ. ಫೋನು ಬಂತು, ಅಕ್ಕನ ನಂಬರು. ಎತ್ತಿ ಕಿವಿಗಿಟ್ಟೆ. ಆ ಕಡೆ ಮಾತಿಲ್ಲ. ಸಂತೆಯ ಗದ್ದಲ, ಬಳೆಗಳ ಕಿಣಿಕಿಣಿ, ಆಮೇಲೆ ಹಿಡಿಕೆ ತಿರುವಿದ ಕಟಕ್ ಎಂಬ ಸದ್ದು. ನಾನು ಅಳತೆಯ ಟೇಪು ಕೆಳಗಿಟ್ಟೆ. ಒಂದು ತುಳಿತ. ಎರಡೂ ಸೈಲೆನ್ಸರು ಒಟ್ಟಿಗೇ ಎದ್ದವು. ಸ್ವಲ್ಪ ಹೊತ್ತು ಹಾಗೆಯೇ ಕೇಳಿಸಿ, ಫೋನು ಕಟ್ಟಾಯಿತು.

"ಯಾರ್ರಿ?" ಅಂದರು ಗಿರಾಕಿ.

"ನಮ್ಮ ಅಕ್ಕ."

"ಏನಂದ್ರು?"

ನಾನು ಒಂದು ಬೆರಳು ಎತ್ತಿ ತೋರಿಸಿದೆ.